ಬೆಂಗಳೂರಲ್ಲಿ ಕೆಮಿಸ್ಟ್ರಿ ಟ್ಯೂಷನ್ ಹುಡುಕೋದು ಹೇಗೆ? ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರಿಗೆ ಸಮಗ್ರ ಮಾರ್ಗದರ್ಶಿ

ನಮ್ಮನೆ ವಿಜಯನಗರದ ಕಡೆ, ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್‌ಗೆ ನಡ್ಕೊಂಡೇ ಹೋಗ್ಬಹುದು. ಮಗಳು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಒಳ್ಳೇ ಮಾರ್ಕ್ಸೇ ಬಂದಿತ್ತು, ಪಿಯುಸಿಗೆ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ತಗೊಂಡ್ಳು, ಫಸ್ಟ್ ಟೆಸ್ಟಲ್ಲಿ ಕೆಮಿಸ್ಟ್ರಿಗೆ 35ಕ್ಕೆ 9 ಬಂತು. ಅವತ್ತು ರಾತ್ರಿ ಊಟಾನೂ ಮಾಡ್ದೆ ಮಲ್ಕೊಂಡ್ಳು. ಮಾರನೇ ದಿನದಿಂದ್ಲೇ ನಾನು ಟ್ಯೂಷನ್ ಹುಡುಕಕ್ಕೆ ಶುರು ಮಾಡ್ದೆ, ಗಾಬರೀಲಿ ಯಾರು ಏನ್ ಹೇಳಿದ್ರೂ ಕೇಳ್ಕೊಂಡು ಎರಡು ಕಡೆ ಸೇರಿಸಿ ಬಿಡಿಸಿ, ಒಂದು ಕಡೆ ದುಡ್ಡೂ ಕಳ್ಕೊಂಡು, ಮೂರನೇ ಸಲಕ್ಕೆ ಸರಿಯಾದ ಮೇಷ್ಟ್ರು ಸಿಕ್ಕಿದ್ರು. ಈಗ ಜೂನ್ ಬಂತು ಅಂದ್ರೆ ನೆಂಟರು, ಪಕ್ಕದ ಬೀದಿಯವ್ರು ಎಲ್ಲಾ ಫೋನ್ ಮಾಡಿ ಅದೇ ಕೇಳ್ತಾರೆ, ಹಾಗಾಗಿ ನನಗೆ ಗೊತ್ತಿರೋದನ್ನೆಲ್ಲಾ ಒಂದೇ ಕಡೆ ಬರೆದಿಡ್ತಿದೀನಿ. ಜಾಸ್ತಿ ಕೆಮಿಸ್ಟ್ರಿ ಬಗ್ಗೆನೇ ಇದೆ, ಬೇರೆ ಸಬ್ಜೆಕ್ಟ್‌ಗಳ ಬಗ್ಗೆ ಕೊನೇಲಿ ಹೇಳ್ತೀನಿ.

1. ಮೇಷ್ಟ್ರನ್ನ ಹುಡುಕೋಕೆ ಮುಂಚೆ ಮಗು ಎಲ್ಲಿ ಸಿಕ್ಕಾಕೊಂಡಿದೆ ಅಂತ ನೋಡಿ

ನಾನು ಮಾಡಿದ ದೊಡ್ಡ ತಪ್ಪು ಇದೇ. "ಕೆಮಿಸ್ಟ್ರಿ ವೀಕು" ಅಂತ ಎಲ್ರಿಗೂ ಹೇಳ್ಕೊಂಡು ಓಡಾಡ್ದೆ, ಕೆಮಿಸ್ಟ್ರೀಲಿ ಏನು ವೀಕು ಅಂತ ಒಂದು ಸಲಾನೂ ನೋಡ್ಲಿಲ್ಲ. ನಿಮಗೆ ಕೆಮಿಸ್ಟ್ರಿ ಬರ್ದೇ ಇದ್ರೂ ಪರ್ವಾಗಿಲ್ಲ, ನಾನೂ ಬಿಕಾಂ ಓದಿದವ್ಳು. ಒಂದು ಭಾನುವಾರ ಬೆಳಗ್ಗೆ ಟೆಸ್ಟ್ ಪೇಪರ್‌ಗಳನ್ನೆಲ್ಲಾ ಟೇಬಲ್ ಮೇಲೆ ಹರಡ್ಕೊಂಡು ಮಗು ಜೊತೆ ಕೂತ್ಕೊಳಿ, ಬೈಬೇಡಿ, ತಪ್ಪಾಗಿರೋ ಒಂದೊಂದೇ ಪ್ರಶ್ನೆ ತೋರಿಸಿ "ಇದ್ಯಾಕೆ ಬರ್ಲಿಲ್ಲ?" ಅಂತ ಕೇಳಿ, ಮಗು ಹೇಳಿದ್ದನ್ನ ಪಕ್ಕದಲ್ಲೇ ಪೆನ್ಸಿಲಲ್ಲಿ ಬರೀತಾ ಹೋಗಿ.

ನಾವು ಹಾಗೆ ಕೂತಾಗ ಗೊತ್ತಾಗಿದ್ದು ಏನಂದ್ರೆ, ಅವಳು ಬಿಟ್ಟಿದ್ದ ಅರ್ಧ ಪ್ರಶ್ನೆ ಕೆಮಿಸ್ಟ್ರಿ ಬರ್ದೇ ಬಿಟ್ಟಿದ್ದಲ್ಲ, ಪ್ರಶ್ನೆ ಏನು ಕೇಳ್ತಿದೆ ಅಂತಾನೇ ಗೊತ್ತಾಗ್ದೆ ಬಿಟ್ಟಿದ್ದು. ಹತ್ತನೇ ಕ್ಲಾಸ್ ತನಕ ಆಮ್ಲ, ಪ್ರತ್ಯಾಮ್ಲ, ಉತ್ಕರ್ಷಣ, ಅಪಕರ್ಷಣ, ದ್ರಾವಣ ಅಂತ ಓದ್ಕೊಂಡು ಬಂದ ಮಗು, ಇಲ್ಲಿ ಇದ್ದಕ್ಕಿದ್ದ ಹಾಗೆ ಆಸಿಡ್, ಬೇಸ್, ಆಕ್ಸಿಡೇಷನ್, ರಿಡಕ್ಷನ್, ಸೊಲ್ಯೂಷನ್ ಅಂತ ಮೇಡಂ ಫಾಸ್ಟಾಗಿ ಹೇಳ್ಕೊಂಡು ಹೋದ್ರೆ ಪಾಪ ಏನ್ ಮಾಡತ್ತೆ? ಲಿಮಿಟಿಂಗ್ ರಿಯೇಜೆಂಟ್ ಅಂದ್ರೆ ಏನು ಅಂತ ಕೇಳಿದ್ರೆ ಗೊತ್ತಿಲ್ಲ ಅಂದ್ಳು, "ಹತ್ತು ಚಪಾತಿ ಇದೆ, ಪಲ್ಯ ಆರು ಚಪಾತಿಗೆ ಸಾಕಾಗೋವಷ್ಟೇ ಇದೆ, ಯಾವುದು ಮೊದ್ಲು ಮುಗಿಯತ್ತೆ?" ಅಂದ್ರೆ ತಕ್ಷಣ ಹೇಳ್ತಾಳೆ. ಅಂಥಾ ಮಗುಗೆ ಬೇಕಾಗಿರೋ ಟ್ಯೂಷನ್ನೇ ಬೇರೆ, ಲೆಕ್ಕದಲ್ಲಿ ಎಡವ್ತಿರೋ ಮಗುಗೆ ಬೇಕಾಗಿರೋದೇ ಬೇರೆ.

ಕೆಮಿಸ್ಟ್ರಿ ಅನ್ನೋದು ಹೆಸರಿಗೆ ಒಂದು ಸಬ್ಜೆಕ್ಟು, ಒಳಗೆ ಮೂರು ಇದೆ. ಫಿಸಿಕಲ್ ಅಂದ್ರೆ ಲೆಕ್ಕ, ಮೋಲ್ ಕಾನ್ಸೆಪ್ಟು, ಥರ್ಮೋಡೈನಮಿಕ್ಸ್, ಈಕ್ವಿಲಿಬ್ರಿಯಂ, ಸೆಕೆಂಡ್ ಪಿಯುಗೆ ಬಂದ್ರೆ ಸೊಲ್ಯೂಷನ್ಸ್, ಎಲೆಕ್ಟ್ರೋಕೆಮಿಸ್ಟ್ರಿ, ಕೈನೆಟಿಕ್ಸ್. ಇಲ್ಲಿ ಮಾರ್ಕ್ಸ್ ಹೋಗ್ತಿದ್ರೆ ಎಷ್ಟೋ ಸಲ ಸಮಸ್ಯೆ ಲಾಗರಿದಮ್‌ದೋ ಯೂನಿಟ್ ಬದಲಾಯಿಸೋದ್ರದ್ದೋ ಆಗಿರತ್ತೆ. ಇನಾರ್ಗ್ಯಾನಿಕ್ ಅಂದ್ರೆ ಪೀರಿಯಾಡಿಕ್ ಟೇಬಲ್, ಬಾಂಡಿಂಗ್, ಡಿ ಮತ್ತು ಎಫ್ ಬ್ಲಾಕ್, ಕೋಆರ್ಡಿನೇಷನ್ ಕಾಂಪೌಂಡ್ಸ್, ಇಲ್ಲಿ ಎನ್‌ಸಿಇಆರ್‌ಟಿ ಬುಕ್ಕನ್ನ ಸಾಲು ಸಾಲಾಗಿ ಓದದೆ ವಿಧಿ ಇಲ್ಲ. ಆರ್ಗ್ಯಾನಿಕ್ ಅಂದ್ರೆ ಹ್ಯಾಲೋಆಲ್ಕೇನ್‌ನಿಂದ ಹಿಡಿದು ಅಮೀನ್ಸ್ ತನಕ, ಇದು ಕೈಯಲ್ಲಿ ಬರೆದು ಬರೆದೇ ಬರೋದು, ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ಬಾಣ ಹಾಕಿ ತೋರಿಸ್ದೆ ಬರೀ ನೇಮ್ ರಿಯಾಕ್ಷನ್ (ವಿಜ್ಞಾನಿಗಳ ಹೆಸರೋ ಬೇರೆ ಹೆಸರೋ ಇಟ್ಟಿರೋ ರಾಸಾಯನಿಕ ಕ್ರಿಯೆಗಳು) ಉರು ಹೊಡೆಸಿದ್ರೆ ಆಲ್ಡಾಲ್ ಯಾವುದು ಕ್ಯಾನಿಜಾರೋ ಯಾವುದು ಅಂತ ಪರೀಕ್ಷೇಲಿ ಕಲಸಿಹೋಗತ್ತೆ. ಮೂರರಲ್ಲಿ ಯಾವುದರಲ್ಲಿ ಮಾರ್ಕ್ಸ್ ಹೋಗ್ತಿದೆ ಅಂತ ಒಂದು ಹಾಳೇಲಿ ಬರ್ಕೊಳಿ. ಆ ಹಾಳೆ ಜೋಪಾನ, ಮುಂದೆ ಪ್ರತೀ ಹೆಜ್ಜೇಲೂ ಬೇಕಾಗತ್ತೆ.

2. ಯಾವ ಪರೀಕ್ಷೆಗೆ ಅಂತ ತೀರ್ಮಾನ ಮಾಡಿ

ಬೋರ್ಡ್‌ಗಾ, ಸಿಇಟಿಗಾ, ನೀಟ್‌ಗಾ? ಎಲ್ಲಕ್ಕೂ ಒಬ್ರೇ ಮೇಷ್ಟ್ರು ಸಾಕು ಅಂತ ತುಂಬಾ ಜನ ಅನ್ಕೋತಾರೆ, ಬುಕ್ಕು ಒಂದೇ ಆದ್ರೂ ಓದೋ ರೀತಿ ಬೇರೆ ಬೇರೆ. ಸೆಕೆಂಡ್ ಪಿಯು ಬೋರ್ಡ್ ಪರೀಕ್ಷೇಲಿ ಕೆಮಿಸ್ಟ್ರಿ ಥಿಯರಿ 70, ಪ್ರಾಕ್ಟಿಕಲ್ 30, ಉತ್ತರ ನೀಟಾಗಿ ಬರೆಯೋದು, ಈಕ್ವೇಷನ್ ಬ್ಯಾಲೆನ್ಸ್ ಮಾಡೋದು, ಲೆಕ್ಕದಲ್ಲಿ ಸ್ಟೆಪ್ ಹಾಕೋದು ಎಲ್ಲಕ್ಕೂ ಮಾರ್ಕ್ಸ್ ಇದೆ. ಸಿಇಟೀಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಂದ್ರೆ ಒಂದಕ್ಕೆ 80 ಸೆಕೆಂಡು, ತಪ್ಪಾದ್ರೆ ಮಾರ್ಕ್ಸ್ ಕಟ್ ಮಾಡಲ್ಲ. ನೀಟಲ್ಲಿ ಕೆಮಿಸ್ಟ್ರಿಗೆ 45 ಪ್ರಶ್ನೆ, ಸರಿಗೆ 4, ತಪ್ಪಿಗೆ 1 ಮೈನಸ್. ಇಂಜಿನಿಯರಿಂಗ್‌ಗೆ ಹೋಗೋ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಮಾತು, ಸಿಇಟಿ ರ್‍ಯಾಂಕಲ್ಲಿ ಅರ್ಧ ಪಾಲು ಸೆಕೆಂಡ್ ಪಿಯು ಪಿಸಿಎಂ ಮಾರ್ಕ್ಸ್‌ದೇ, ಹಾಗಾಗಿ "ಬೋರ್ಡ್ ಪಾಸಾದ್ರೆ ಸಾಕು, ಎಂಸಿಕ್ಯೂ (ಉತ್ತರ ಆರಿಸೋ ಪ್ರಶ್ನೆ) ಮಾಡ್ಸಿ" ಅಂತ ಹೇಳೋರ ಮಾತು ಕೇಳ್ಬೇಡಿ.

ನಮ್ಮ ಮಗಳಿಗೆ ಮೊದಲ್ನೇ ವರ್ಷ ಬರೀ ಬೋರ್ಡ್ ಅಂತ ತೀರ್ಮಾನ ಮಾಡಿದ್ವಿ, ಬುನಾದಿ ಗಟ್ಟಿ ಆದ್ಮೇಲೆ ಸೆಕೆಂಡ್ ಪಿಯೂಲಿ ಸಿಇಟಿ ನೋಡೋಣ ಅಂತ. ಈಗ್ಲೂ ನನಗೆ ಅದು ಸರಿಯಾದ ತೀರ್ಮಾನ ಅಂತಾನೇ ಅನ್ಸತ್ತೆ.

3. ಎಲ್ಲೆಲ್ಲಿ ಹುಡುಕ್ಬೇಕು

ಮೊದ್ಲು ಕಾಲೇಜಲ್ಲೇ. ಲೆಕ್ಚರರ್ ಹತ್ರ ಹೋಗಿ ಆ ಹಾಳೆ ತೋರಿಸಿ "ಮೇಡಂ, ಇವಳಿಗೆ ಇಲ್ಲಿ ಕಷ್ಟ ಆಗ್ತಿದೆ, ಏನ್ ಮಾಡ್ಬೇಕು" ಅಂತ ಕೇಳಿ. ಕೆಲವು ಲೆಕ್ಚರರ್‌ಗಳು ಕ್ಲಾಸ್ ಮುಗಿದ್ಮೇಲೆ ಹತ್ತು ನಿಮಿಷ ಡೌಟ್ ಹೇಳ್ಕೊಡ್ತಾರೆ, ಅಷ್ಟರಲ್ಲೇ ಸರಿಹೋಗೋ ಮಕ್ಕಳೂ ಇದಾರೆ. ಟ್ಯೂಷನ್ ಬೇಕೇ ಬೇಕು ಅಂತ ಗೊತ್ತಾದ್ಮೇಲೆ ಸೀನಿಯರ್ ಮಕ್ಕಳ ಅಮ್ಮಂದಿರನ್ನ ಹಿಡೀರಿ. ಆದ್ರೆ 98 ತಗೊಂಡ ಮಗುವಿನ ಅಮ್ಮನ್ನ ಕೇಳ್ಬೇಡಿ, 40ರಿಂದ 70ಕ್ಕೆ ಬಂದ ಮಗು ಯಾರ ಮನೇಲಿದೆ ಅಂತ ವಿಚಾರಿಸಿ ಅವರನ್ನ ಕೇಳಿ. 98 ತಗೊಳೋ ಮಗು ಯಾರ ಹತ್ರ ಹೋದ್ರೂ ತಗೊಳತ್ತೆ.

ಬೆಂಗಳೂರಲ್ಲಿ ಇರೋರಿಗೆ ಇನ್ನೊಂದು ಅನುಕೂಲ ಇದೆ, ತುಂಬಾ ಜನ ಉಪಯೋಗಿಸ್ಕೊಳಲ್ಲ. ಇಲ್ಲಿ ಕೆಮಿಸ್ಟ್ರಿ ಓದೋ ಹುಡುಗ ಹುಡುಗೀರು ಎಷ್ಟೊಂದು ಜನ ಇದಾರೆ ನೋಡಿ, ಜ್ಞಾನಭಾರತಿ ಕ್ಯಾಂಪಸಲ್ಲಿ ಬೆಂಗಳೂರು ವಿಶ್ವವಿದ್ಯಾಲಯ, ಸೆಂಟ್ರಲ್ ಕಾಲೇಜ್ ಕಡೆ ಬೆಂಗಳೂರು ನಗರ ವಿಶ್ವವಿದ್ಯಾಲಯ, ಯಶವಂತಪುರದ ಪಕ್ಕ ಐಐಎಸ್‌ಸಿ, ಜಕ್ಕೂರಲ್ಲಿ ಜವಾಹರಲಾಲ್ ನೆಹರು ಸೆಂಟರ್. ಎಂಎಸ್ಸಿ ಓದ್ತಿರೋ ಹುಡುಗೀರಲ್ಲಿ ಎಷ್ಟೋ ಜನ ಹಾಸನ, ಶಿವಮೊಗ್ಗ, ಕಲಬುರಗಿ ಕಡೆಯಿಂದ ಬಂದು ಪೇಯಿಂಗ್ ಗೆಸ್ಟ್ ಆಗಿ ಇರ್ತಾರೆ, ಅವರೂ ಕನ್ನಡ ಮೀಡಿಯಂನಿಂದ ಬಂದು ಇದೇ ಕಷ್ಟ ಪಟ್ಟಿರ್ತಾರೆ, ಅದಕ್ಕೇ ಮಗುವಿನ ಕಷ್ಟ ಬೇಗ ಅರ್ಥ ಆಗತ್ತೆ. ಒಂದೇ ತೊಂದರೆ, ಅವರ ಸೆಮಿಸ್ಟರ್ ಪರೀಕ್ಷೆ ಬಂದಾಗ ಎರಡು ಮೂರು ವಾರ ಬರಕ್ಕಾಗಲ್ಲ, ಅದನ್ನ ಮೊದ್ಲೇ ಮಾತಾಡ್ಕೊಳಿ.

ಇನ್ನೊಂದು ಗುಂಪು ರಿಟೈರ್ಡ್ ಲೆಕ್ಚರರ್‌ಗಳು. ಮಲ್ಲೇಶ್ವರಂ, ಬಸವನಗುಡಿ, ಹನುಮಂತನಗರ, ರಾಜಾಜಿನಗರ, ಇಂಥಾ ಹಳೇ ಬಡಾವಣೆಗಳಲ್ಲಿ ಬೋರ್ಡೂ ಹಾಕ್ದೆ, ಮನೇಲೇ ನಾಲ್ಕೈದು ಮಕ್ಕಳಿಗೆ ಹೇಳ್ಕೊಡೋರು ಇದಾರೆ. ಇವರು ಆನ್‌ಲೈನಲ್ಲಿ ಸಿಗಲ್ಲ, ಬಾಯಿ ಮಾತಲ್ಲೇ ಸಿಗ್ಬೇಕು, ಲೈಬ್ರರೀಲಿ, ಪಾರ್ಕಲ್ಲಿ ಬೆಳಗ್ಗೆ ವಾಕಿಂಗ್ ಬರೋರ ಹತ್ರ, ಜೆರಾಕ್ಸ್ ಅಂಗಡೀಲಿ ವಿಚಾರಿಸಿ. ನಮಗೆ ಸಿಕ್ಕಿದ್ದು ಜೆರಾಕ್ಸ್ ಅಂಗಡಿಯವರಿಂದ್ಲೇ, "ಒಬ್ರು ಮೇಷ್ಟ್ರು ವಾರ ವಾರ ಕೈಯಲ್ಲಿ ಬರೆದ ಪ್ರಶ್ನೆ ಪತ್ರಿಕೆ ತಂದು ಐದು ಕಾಪಿ ಮಾಡಿಸ್ಕೊಂಡು ಹೋಗ್ತಾರೆ ಅಕ್ಕ" ಅಂತ ಹೇಳಿದ್ರು. ವಾರ ವಾರ ತಾವೇ ಪೇಪರ್ ತಯಾರು ಮಾಡೋ ಮೇಷ್ಟ್ರು ಅಂದ್ರೆ ಇನ್ನೇನು ಬೇಕು ಅನ್ಸಿ ಅವತ್ತೇ ಅಡ್ರೆಸ್ ಕೇಳ್ಕೊಂಡು ಹೋದೆ.

ಅರ್ಬನ್‌ಪ್ರೊ, ಸೂಪರ್‌ಪ್ರೊಫ್ ಥರದ ಆ್ಯಪ್‌ಗಳೂ ಇವೆ, ಏರಿಯಾ ಹಾಕಿ ಹುಡುಕಿದ್ರೆ ಲಿಸ್ಟ್ ಬರತ್ತೆ. ಮನೆಯಲ್ಲಿ ಎಲ್ರೂ ಬಳಸೋ ನಂಬರ್ ಕೊಡ್ಬೇಡಿ, ನಂಬರ್ ಹಾಕಿದ್ಮೇಲೆ ಕಾಲ್ ಮೇಲೆ ಕಾಲ್ ಬರತ್ತೆ. ಸ್ಟಾರ್ ರೇಟಿಂಗ್ ನೋಡೋದಕ್ಕಿಂತ ರಿವ್ಯೂ ಒಳಗೆ ಏನ್ ಬರೆದಿದಾರೆ ಓದಿ, "ಗುಡ್ ಸರ್" ಅಂತ ಇರೋದು ಲೆಕ್ಕಕ್ಕಿಲ್ಲ, ಯಾವ ಪಾಠ, ಎಷ್ಟು ತಿಂಗಳು ಅಂತ ಬರೆದಿದ್ರೆ ಅದನ್ನ ನಂಬ್ಬಹುದು.

ದೂರದ ವಿಷಯ ಇಲ್ಲೇ ಹೇಳ್ಬಿಡ್ತೀನಿ. ನಮ್ಮ ಎರಡನೇ ಟ್ಯೂಷನ್ ಜಯನಗರದಲ್ಲಿತ್ತು, ಮೇಡಂ ಚೆನ್ನಾಗೇ ಹೇಳ್ಕೊಡ್ತಿದ್ರು, ಆದ್ರೆ ಕಾಲೇಜ್ ಬಿಟ್ಟು ಬಸ್ ಹಿಡಿದು ಹೋಗಿ ವಾಪಸ್ ಬರೋಷ್ಟರಲ್ಲಿ ಒಂಬತ್ತು ಗಂಟೆ, ಮಗು ಊಟದ ತಟ್ಟೆ ಮುಂದೇನೇ ತೂಕಡಿಸ್ತಿತ್ತು. ಅಲ್ಲಿ ಕಲ್ತಿದ್ದನ್ನ ಮನೇಲಿ ಕೂತು ಮಾಡೋಕೆ ಟೈಮೇ ಇಲ್ಲ ಅಂದ್ಮೇಲೆ ಟ್ಯೂಷನ್‌ಗೆ ಹೋಗಿ ಏನು ಪ್ರಯೋಜನ? ಬೆಂಗಳೂರ ಟ್ರಾಫಿಕ್ಕಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಪ್ರಯಾಣ ಇರೋ ಟ್ಯೂಷನ್ ಬೇಡವೇ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ. ಸಿಕ್ಕಿಲ್ಲ ಅಂದ್ರೆ ಆನ್‌ಲೈನೇ ವಾಸಿ.

4. ಫೋನಲ್ಲಿ ಕೇಳ್ಬೇಕಾದ ಪ್ರಶ್ನೆಗಳು

ಫೋನ್ ಮಾಡಿದ ತಕ್ಷಣ ಫೀಸ್ ಕೇಳೋದು ನಮ್ಮೆಲ್ಲರ ಅಭ್ಯಾಸ. ಅದನ್ನ ಕೊನೇಲಿ ಇಟ್ಕೊಳಿ. ಮೊದ್ಲು ಒಂದು ಪ್ರಶ್ನೆ ಕೇಳಿ, ಕೆಮಿಸ್ಟ್ರಿ ಬರ್ದೇ ಇರೋರೂ ಕೇಳ್ಬಹುದು: "ಸರ್, ಸೆಕೆಂಡ್ ಪಿಯು ಬೋರ್ಡ್‌ಗೆ ಸಾಲಿಡ್ ಸ್ಟೇಟಿಂದ ಶುರು ಮಾಡ್ತೀರಾ?" ಯಾಕೆ ಅಂದ್ರೆ ಎನ್‌ಸಿಇಆರ್‌ಟಿ 2022ರಲ್ಲಿ ಸಿಲಬಸ್ ಕಡಿಮೆ ಮಾಡಿದಾಗ ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್ಸ್ ಎಲ್ಲಾ ತೆಗೆದುಹಾಕಿದ್ರು, ನಮ್ಮ ಪಿಯು ಬೋರ್ಡಲ್ಲೂ ಎನ್‌ಸಿಇಆರ್‌ಟಿ ಬುಕ್ಕೇ, ಈಗ ಮೊದಲ್ನೇ ಪಾಠ ಸೊಲ್ಯೂಷನ್ಸ್, ಒಟ್ಟು ಹತ್ತು ಪಾಠ. "ಅದು ಈಗಿಲ್ಲಮ್ಮ" ಅಂತ ತಕ್ಷಣ ಹೇಳಿದ್ರೆ ಅವರು ಹೊಸ ಬುಕ್ ಇಟ್ಕೊಂಡು ಪಾಠ ಮಾಡ್ತಿದಾರೆ ಅಂತ ಅರ್ಥ. "ಹೌದು, ಅದೇ ಫಸ್ಟ್ ಚಾಪ್ಟರ್" ಅಂದ್ರೆ ಹಳೇ ನೋಟ್ಸೇ ಓಡ್ತಿದೆ. ಇದು ಸಣ್ಣ ವಿಷಯ ಅಲ್ಲ, 2024ರ ಸಿಇಟೀಲಿ ಸಿಲಬಸ್‌ನಲ್ಲಿ ಇಲ್ದೇ ಇರೋ ಪ್ರಶ್ನೆಗಳು ಬಂದು ದೊಡ್ಡ ಗಲಾಟೆ ಆಗಿ, ಕೊನೆಗೆ 50 ಪ್ರಶ್ನೆ ಕೈಬಿಟ್ಟು ಮೌಲ್ಯಮಾಪನ ಮಾಡಿದ್ರು, ನೆನಪಿರ್ಬಹುದು. ಮಗು ಯಾವುದು ಓದ್ಬೇಕು ಯಾವುದು ಬೇಡ ಅಂತ ಗೊತ್ತಿರೋರು ಬೇಕು.

ಎರಡನೇದು, "ಒಂದು ಬ್ಯಾಚಲ್ಲಿ ಎಷ್ಟು ಮಕ್ಕಳು?" ಐದಾರು ಜನ ಅಂದ್ರೆ ಒಬ್ಬೊಬ್ಬರ ನೋಟ್ಸ್ ನೋಡ್ತಾರೆ, ಇಪ್ಪತ್ತೈದು ಅಂದ್ರೆ ಅದು ಇನ್ನೊಂದು ಕ್ಲಾಸ್ ರೂಮು. ಮೂರನೇದು, "ಪೇಪರ್ ಯಾರು ತಿದ್ದುತಾರೆ?" ಕೆಲವು ಕಡೆ ಪಾಠ ಒಬ್ರು ಮಾಡ್ತಾರೆ, ತಿದ್ದೋದು ಇನ್ಯಾರೋ, ಹಾಗಾದ್ರೆ ಪಾಠ ಮಾಡೋರಿಗೆ ಮಗುವಿನ ತಪ್ಪು ಗೊತ್ತಾಗೋದೇ ಇಲ್ಲ. ನಾಲ್ಕನೇದು ಕನ್ನಡ ಮೀಡಿಯಂ ಮಕ್ಕಳಿಗೆ ಮಾತ್ರ, "ಕನ್ನಡದಲ್ಲಿ ಅರ್ಥ ಮಾಡ್ಸಿ ಇಂಗ್ಲಿಷಲ್ಲಿ ಬರೆಸ್ತೀರಾ?" ಎರಡೂ ಬೇಕು. ಬರೀ ಕನ್ನಡದಲ್ಲಿ ಹೇಳಿ ಬಿಟ್ರೆ ಪರೀಕ್ಷೇಲಿ ಇಂಗ್ಲಿಷಲ್ಲಿ ಬರೆಯಕ್ಕೆ ಬರಲ್ಲ.

5. ಡೆಮೊ ಕ್ಲಾಸಲ್ಲಿ ಮೇಷ್ಟ್ರನ್ನ ನೋಡ್ಬೇಡಿ, ಮಗು ಕೈಯಲ್ಲಿರೋ ಪೆನ್ ನೋಡಿ

ನನ್ನ ಕೇಳಿದ್ರೆ ಈ ಇಡೀ ಬರಹದಲ್ಲಿ ಮುಖ್ಯವಾದ ಹೆಜ್ಜೆ ಇದು. ಫ್ರೀ ಡೆಮೊ ಅಂತ ಕರೀತಾರಲ್ಲ, ಮೊದಲ್ನೇ ಸೆಂಟರಲ್ಲಿ ಡೆಮೊ ಎಷ್ಟು ಚೆನ್ನಾಗಿತ್ತು ಅಂದ್ರೆ ಪ್ರೊಜೆಕ್ಟರ್, ವಿಡಿಯೋ, ಬಣ್ಣ ಬಣ್ಣದ ಮಾಲಿಕ್ಯೂಲು, ಒಂದು ಗಂಟೆ ಅವರೇ ಮಾತಾಡಿದ್ರು, ನಾನೂ ಖುಷಿಯಾಗಿ ದುಡ್ಡು ಕಟ್ಟಿ ಬಂದೆ. ಮಗಳು ಆ ಒಂದು ಗಂಟೇಲಿ ಪೆನ್ನನ್ನೇ ಎತ್ತಿರ್ಲಿಲ್ಲ. ಅದು ನನಗೆ ಹೊಳೆದಿದ್ದು ಎರಡು ತಿಂಗಳಾದ್ಮೇಲೆ.

ಮೂರನೇ ಸಲ, ಜೆರಾಕ್ಸ್ ಅಂಗಡಿಯವರು ಹೇಳಿದ ಮೇಷ್ಟ್ರ ಮನೆಗೆ ಹೋದಾಗ ನಡೆದಿದ್ದನ್ನ ಇದ್ದ ಹಾಗೇ ಬರೀತೀನಿ. ಅವರು ಏನೂ ಪಾಠ ಮಾಡ್ಲಿಲ್ಲ. ಅವಳ ಟೆಸ್ಟ್ ಪೇಪರ್ ತಿರುವಿ ಹಾಕಿ ಒಂದು ಲೆಕ್ಕದ ಮೇಲೆ ಬೆರಳಿಟ್ರು. 4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಕರಗಿಸಿ 250 ಎಂಎಲ್ ದ್ರಾವಣ ಮಾಡಿದ್ರೆ ಮೊಲಾರಿಟಿ, ಅಂದ್ರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇರತ್ತೆ ಅನ್ನೋದು, ಎಷ್ಟು ಅನ್ನೋ ಲೆಕ್ಕ. ಅದರ ಒಂದು ಮೋಲ್ ತೂಕ 40 ಗ್ರಾಂ, ಅವಳು ನಾಲ್ಕನ್ನ ನಲವತ್ತರಿಂದ ಭಾಗಿಸಿ 0.1 ಮೋಲ್ ಅಂತ ಸರಿಯಾಗೇ ತೆಗೆದಿದ್ಳು, ಆಮೇಲೆ ಅದನ್ನ 250ರಿಂದ ಭಾಗಿಸಿ 0.0004 ಅಂತ ಬರೆದಿದ್ಳು. ಕಾಲೇಜಲ್ಲಿ ಅದಕ್ಕೊಂದು ಕೆಂಪು ಗೀಟು ಬಿದ್ದಿತ್ತು ಅಷ್ಟೇ.

ಮೇಷ್ಟ್ರು ಕೇಳಿದ್ರು, "ಏನಮ್ಮ, ನಿಮ್ಮನೆಗೆ ಬರೋ ನಂದಿನಿ ಹಾಲಿನ ಪ್ಯಾಕೆಟ್ ಎಷ್ಟು?"

"ಅರ್ಧ ಲೀಟರ್ ಸರ್."

"ಅದರಲ್ಲಿ ಅರ್ಧ ಅಂದ್ರೆ 250 ಎಂಎಲ್, ಅಲ್ವಾ? ಸರಿ, ಈಗ ಈ 0.1 ಮೋಲ್‌ನ ಒಂದು ಲೀಟರ್ ದ್ರಾವಣ ಮಾಡಿದ್ರೆ ಮೊಲಾರಿಟಿ?"

"0.1."

"ಅಷ್ಟನ್ನೇ ಕಾಲು ಲೀಟರಲ್ಲಿ ಮಾಡಿದ್ರೆ, ಶರಬತ್ತು ಅಂತ ಅನ್ಕೋ, ಗಟ್ಟಿ ಆಗತ್ತಾ ನೀರಾಗತ್ತಾ?"

"ಗಟ್ಟಿ ಆಗತ್ತೆ ಸರ್."

"ಹಾಗಾದ್ರೆ ನಿನ್ನ ಉತ್ತರ 0.1ಕ್ಕಿಂತ ಕಡಿಮೆ ಬಂದಿದೆಯಲ್ಲಾ?"

ಅವಳು ಸುಮ್ನೆ ಕೂತ್ಳು. ಮೇಷ್ಟ್ರೂ ಸುಮ್ನೆ ಕೂತ್ರು. ನನಗೆ ಒಳಗೊಳಗೇ ತಳಮಳ, ನಾನೇ ಹೇಳಿಬಿಡ್ಲಾ ಅನ್ನೋ ಹಾಗಾಗಿತ್ತು. ಒಂದು ನಿಮಿಷ ಆದ್ಮೇಲೆ ಅವಳೇ ಪೆನ್ ತಗೊಂಡು 250 ಹೊಡೆದು ಹಾಕಿ 0.25 ಅಂತ ಬರೆದು, ಕೆಳಗೆ 0.4 ಅಂತ ಬರೆದ್ಳು, ಬರೆದು ಅವರ ಮುಖ ನೋಡಿದ್ಳು. "ಇದು ಕೆಮಿಸ್ಟ್ರಿ ತಪ್ಪಲ್ಲ ಕಣಮ್ಮ, ಲೀಟರ್ ಮಾಡೋದು ಮರೆತಿದ್ದೀಯ" ಅಂದ್ರು ಅಷ್ಟೇ. ಮೆಟ್ಟಿಲು ಇಳೀತಾ ಅವಳೇ "ಅಮ್ಮಾ, ಇಲ್ಲಿಗೇ ಬರ್ತೀನಿ" ಅಂದ್ಳು.

ಆದ್ದರಿಂದ ಡೆಮೊಗೆ ಹೋಗುವಾಗ ಮಗು ತಪ್ಪು ಮಾಡಿರೋ ಪೇಪರ್ ತಗೊಂಡ್ಹೋಗಿ, ಅವರೇ ಆರಿಸ್ಕೊಂಡ ಪಾಠ ಬೇಡ. ಅವರು ಉತ್ತರ ಹೇಳಿಕೊಡ್ತಾರಾ ಅಥವಾ ಮಗು ಎಲ್ಲಿ ದಾರಿ ತಪ್ಪಿದೆ ಅಂತ ಹುಡುಕ್ತಾರಾ, ಮಗು ಯೋಚನೆ ಮಾಡೋವಾಗ ಸುಮ್ನಿರ್ತಾರಾ, ಒಂದು ಗಂಟೇಲಿ ಮಗು ಎಷ್ಟು ಹೊತ್ತು ಬರೀತು, ಇದನ್ನ ಗಮನಿಸಿ. ಇನ್ನೊಂದು, ಮೇಷ್ಟ್ರಿಗೆ ಗೊತ್ತಿಲ್ದೇ ಇರೋ ಪ್ರಶ್ನೆ ಬಂದ್ರೆ "ನಾಳೆ ನೋಡ್ಕೊಂಡು ಬರ್ತೀನಿ" ಅಂತ ಹೇಳೋರು ಒಳ್ಳೇವ್ರು, "ಅದೆಲ್ಲಾ ಎಕ್ಸಾಮ್‌ಗೆ ಬರಲ್ಲ" ಅಂತ ತಳ್ಳಿಹಾಕೋರ ಹತ್ರ ಹುಷಾರಾಗಿರಿ.

6. ದುಡ್ಡಿನ ಮಾತು

ನಾನು ವಿಚಾರಿಸಿದ ಕಡೆಗಳಲ್ಲಿ ಮನೆಗೆ ಬಂದು ಒಬ್ಬರಿಗೇ ಹೇಳ್ಕೊಡೋಕೆ ಗಂಟೆಗೆ 600ರಿಂದ 1200 ರೂಪಾಯಿ ಹೇಳಿದ್ರು, ಅವರ ಮನೇಲಿ ಸಣ್ಣ ಬ್ಯಾಚಿಗೆ ತಿಂಗಳಿಗೆ 2500ರಿಂದ 4000. ಏರಿಯಾ ಬದಲಾದ್ರೆ ರೇಟೂ ಬದಲಾಗತ್ತೆ. ಜಾಸ್ತಿ ಫೀಸ್ ಇರೋರೇ ಚೆನ್ನಾಗಿ ಹೇಳ್ಕೊಡ್ತಾರೆ ಅಂತೇನಿಲ್ಲ, ನಮ್ಮ ಮೇಷ್ಟ್ರು ತಗೊಳ್ತಿದ್ದಿದ್ದು ನಾನು ಕೇಳಿದ್ದರಲ್ಲೇ ಎಲ್ಲಕ್ಕಿಂತ ಕಡಿಮೆ.

ವರ್ಷದ ಫೀಸ್ ಒಟ್ಟಿಗೆ ಕಟ್ಬೇಡಿ, ಎಷ್ಟೇ ಡಿಸ್ಕೌಂಟ್ ಕೊಡ್ತೀನಿ ಅಂದ್ರೂ ಕಟ್ಬೇಡಿ. ನಾವು ಆ ಪ್ರೊಜೆಕ್ಟರ್ ಸೆಂಟರಲ್ಲಿ ವರ್ಷದ್ದೂ ಕಟ್ಟಿ, ಎರಡು ತಿಂಗಳಿಗೆ ಬಿಡಿಸಿದಾಗ ಒಂದು ರೂಪಾಯಿನೂ ವಾಪಸ್ ಬರ್ಲಿಲ್ಲ, ರಸೀದಿ ಹಿಂದೆ ಸಣ್ಣ ಅಕ್ಷರದಲ್ಲಿ ರಿಫಂಡ್ ಇಲ್ಲ ಅಂತ ಬರೆದಿತ್ತು, ನಾನು ಓದಿರ್ಲಿಲ್ಲ. ಆಮೇಲೆ ತಿಳೀತು, ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರೀಲಿ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಪೂರ್ತಿ ಫೀಸ್ ಕಟ್ಟಿ ಮಧ್ಯದಲ್ಲಿ ಬಿಟ್ರೆ ಉಳಿದ ಅವಧಿಯ ಫೀಸನ್ನ 10 ದಿನದೊಳಗೆ ವಾಪಸ್ ಕೊಡ್ಬೇಕು, 16 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನ ಸೇರಿಸ್ಕೋಬಾರ್ದು, ರ್‍ಯಾಂಕ್ ಗ್ಯಾರಂಟಿ ಅಂತ ಆಸೆ ತೋರಿಸ್ಬಾರ್ದು ಅಂತೆಲ್ಲಾ ಅದರಲ್ಲಿದೆ. ಅದು 50ಕ್ಕಿಂತ ಜಾಸ್ತಿ ಮಕ್ಕಳಿರೋ ಸೆಂಟರ್‌ಗಳಿಗೆ, ಮನೆ ಟ್ಯೂಷನ್‌ಗೆ ಅಲ್ಲ, ಆದ್ರೂ ಸೆಂಟರ್‌ಗೆ ಸೇರಿಸೋರು ಇದನ್ನ ಮೊದ್ಲೇ ಎತ್ತಿ ಮಾತಾಡಿ, ರಿಫಂಡ್ ಬಗ್ಗೆ ಬರವಣಿಗೇಲಿ ತಗೊಳಿ. ಮನೆ ಟ್ಯೂಷನ್ ಆದ್ರೆ ತಿಂಗಳು ತಿಂಗಳು ಯುಪಿಐಲಿ ಕಳಿಸಿ, ಲೆಕ್ಕ ಉಳಿಯತ್ತೆ. ಕ್ಲಾಸ್ ತಪ್ಪಿದ್ರೆ ಅದನ್ನ ಇನ್ನೊಂದು ದಿನ ಮಾಡ್ತಾರಾ, ಹಬ್ಬದ ರಜೆಗೆ ಏನು, ಇದನ್ನೂ ಮೊದಲ್ನೇ ದಿನಾನೇ ಬಾಯ್ಬಿಟ್ಟು ಕೇಳಿ, ಸಂಕೋಚ ಪಟ್ರೆ ಆಮೇಲೆ ಮನಸ್ಸಲ್ಲೇ ಕಸಿವಿಸಿ.

7. ಸುರಕ್ಷತೆ

ಇದನ್ನ ನೇರವಾಗೇ ಹೇಳ್ತೀನಿ. ಹೆಣ್ಣು ಮಗು ಆಗ್ಲಿ ಗಂಡು ಮಗು ಆಗ್ಲಿ, ಪಾಠ ಹಾಲಲ್ಲಿ ನಡೀಲಿ, ಇಲ್ಲಾ ರೂಮ್ ಬಾಗಿಲು ಪೂರ್ತಿ ತೆಗೆದಿರ್ಲಿ, ಮನೇಲಿ ದೊಡ್ಡೋರು ಒಬ್ರು ಇರ್ಲಿ. ಮನೆಗೆ ಬರೋರಾದ್ರೆ ಐಡಿ ಕಾರ್ಡ್ ನೋಡಿ, ಹಿಂದೆ ಪಾಠ ಮಾಡಿದ ಎರಡು ಮನೆಯವರ ನಂಬರ್ ತಗೊಂಡು ನಿಜವಾಗ್ಲೂ ಫೋನ್ ಮಾಡಿ. ಮೇಷ್ಟ್ರು ಮಗು ಇಬ್ಬರೇ ವಾಟ್ಸಾಪಲ್ಲಿ ಮಾತಾಡೋದು ಬೇಡ, ನೀವೂ ಇರೋ ಗ್ರೂಪ್ ಮಾಡಿ. ಒಳ್ಳೇ ಮೇಷ್ಟ್ರು ಇದ್ಯಾವುದಕ್ಕೂ ಬೇಜಾರ್ ಮಾಡ್ಕೊಳಲ್ಲ, ನಮ್ಮ ಮೇಷ್ಟ್ರು "ಅಮ್ಮ, ಮೊದಲ್ನೇ ವಾರ ನೀವೂ ಬಂದು ಕೂತ್ಕೊಳಿ" ಅಂತ ಅವರೇ ಹೇಳಿದ್ರು. ಮಗು ಟ್ಯೂಷನ್‌ಗೆ ಹೋಗಲ್ಲ ಅಂತ ಹಟ ಮಾಡಿದ್ರೆ ಸೋಮಾರಿತನ ಅಂತ ಬೈಯೋಕೆ ಮುಂಚೆ ಪಕ್ಕದಲ್ಲಿ ಕೂರಿಸ್ಕೊಂಡು ಯಾಕೆ ಅಂತ ಕೇಳಿ.

8. ಆನ್‌ಲೈನ್ ಆದ್ರೆ

ಕೆಮಿಸ್ಟ್ರಿ ಬಾಯಲ್ಲಿ ಹೇಳಿ ಕಲಿಸೋ ಸಬ್ಜೆಕ್ಟ್ ಅಲ್ಲ, ರಚನೆ ಬರೀಬೇಕು, ಬಾಣ ಹಾಕ್ಬೇಕು. ಮೇಷ್ಟ್ರ ಹತ್ರ ಪೆನ್ ಟ್ಯಾಬ್ಲೆಟ್ಟೋ, ಕನಿಷ್ಠ ಹಾಳೆ ಮೇಲೆ ಇಟ್ಟ ಕ್ಯಾಮೆರಾನೋ ಇದ್ಯಾ ಕೇಳಿ. ಮಗು ಕಡೆಯಿಂದ್ಲೂ ಕ್ಯಾಮೆರಾ ಮುಖಕ್ಕಲ್ಲ, ನೋಟ್‌ಬುಕ್ಕಿಗೆ ತಿರುಗಿಸಿ, ನಾಲ್ಕು ಬುಕ್ ಜೋಡಿಸಿ ಅದರ ಮೇಲೆ ಮೊಬೈಲ್ ಮುಂದಕ್ಕೆ ಚಾಚೋ ಹಾಗೆ ಇಟ್ರೆ ಸಾಕು. ಆಗ ಮಗು ಬರೆಯೋದು ಬರೆಯೋ ಹೊತ್ತಲ್ಲೇ ಮೇಷ್ಟ್ರಿಗೆ ಕಾಣತ್ತೆ.

ಪ್ರಾಕ್ಟಿಕಲ್ ಬಗ್ಗೆ ಒಂದು ಮಾತು. 30 ಮಾರ್ಕ್ಸ್ ಲ್ಯಾಬ್‌ದು, ಅದಕ್ಕೆ ಟ್ಯೂಷನ್ ಇಲ್ಲ, ಬ್ಯುರೆಟ್, ಪಿಪೆಟ್ ಹಿಡಿದು ಟೈಟ್ರೇಷನ್ ಮಾಡೋದು, ಸಾಲ್ಟ್ ಅನಾಲಿಸಿಸ್ ಮಾಡೋದು ಕಾಲೇಜಲ್ಲೇ ಬರ್ಬೇಕು. ಟ್ಯೂಷನಲ್ಲಿ ವೈವಾ ಪ್ರಶ್ನೆ, ಸಾಲ್ಟ್ ಅನಾಲಿಸಿಸ್ ಕ್ರಮ ಇಷ್ಟು ಗಟ್ಟಿ ಮಾಡಿಸ್ಕೋಬಹುದು. ಆಸಿಡ್ ತಂದು ಮನೇಲೇ ತೋರಿಸ್ತೀನಿ ಅನ್ನೋರು ಸಿಕ್ರೆ ಬೇಡ ಅನ್ನಿ.

9. ಮೊದಲ್ನೇ ತಿಂಗಳು ಏನು ನೋಡ್ಬೇಕು

ಮಾರ್ಕ್ಸ್ ನೋಡ್ಬೇಡಿ, ಒಂದು ತಿಂಗಳಿಗೆ ಮಾರ್ಕ್ಸ್ ಬರಲ್ಲ. ನೋಟ್‌ಬುಕ್ ನೋಡಿ. ಮೇಷ್ಟ್ರ ಕೈಬರಹ ಜಾಸ್ತಿ ಇದ್ಯಾ, ಮಗುದು ಜಾಸ್ತಿ ಇದ್ಯಾ? ತಪ್ಪು ಮಾಡಿ ಹೊಡೆದು ಹಾಕಿ ಮತ್ತೆ ಮಾಡಿರೋ ಲೆಕ್ಕಗಳು ಇದ್ಯಾ? ಒಂದೂ ತಪ್ಪಿಲ್ದೆ ಮುತ್ತು ಪೋಣಿಸಿದ ಹಾಗಿರೋ ನೋಟ್ಸ್ ಅಂದ್ರೆ ಬೋರ್ಡ್ ನೋಡಿ ಇಳಿಸ್ಕೊಂಡಿದ್ದು. ಶನಿವಾರ ಸಂಜೆ ಹತ್ತು ನಿಮಿಷ, "ಈ ವಾರ ಕಲ್ತಿದ್ದರಲ್ಲಿ ಒಂದನ್ನ ನನಗೆ ಹೇಳ್ಕೊಡು" ಅಂತ ಕೇಳಿ. ನಮ್ಮ ಮಗಳು ಕಾಯಿ ತುರೀತಿದ್ದ ನನ್ನ ಪಕ್ಕ ನಿಂತು, ತಣ್ಣಗಿನ ಸೋಡಾ ಬಾಟ್ಲಿ ಮುಚ್ಚಳ ತೆಗೆದ್ರೆ ಯಾಕೆ ಗುಳ್ಳೆ ಬರತ್ತೆ ಅಂತ ಹೆನ್ರಿ ನಿಯಮ ಹೇಳಿದ್ಳು ಒಂದಿನ, ಅವತ್ತು ನನ್ನ ಜೀವಕ್ಕೆ ಸಮಾಧಾನ ಆಯ್ತು.

ಆರು ವಾರ ಆದ್ರೂ ಮಗು "ಹೋದೆ, ಬಂದೆ" ಅಂತಿದ್ರೆ, ಒಂದು ಪೇಪರೂ ತಿದ್ದಿ ಬಂದಿಲ್ಲ ಅಂದ್ರೆ, ಮೊದ್ಲು ಮೇಷ್ಟ್ರ ಹತ್ರ ಮಾತಾಡಿ, ಆ ಹಳೇ ಹಾಳೆ ಮತ್ತೆ ತೋರಿಸಿ. ಆಮೇಲೂ ಬದಲಾಗ್ಲಿಲ್ಲ ಅಂದ್ರೆ ತಿಂಗಳ ಕೊನೆಗೆ ಫೀಸ್ ಪೂರ್ತಿ ಕೊಟ್ಟು ನಮಸ್ಕಾರ ಹೇಳಿ ಬನ್ನಿ, ಸುಳ್ಳು ಕಾರಣ ಹೇಳ್ಬೇಡಿ, ಮಗು ಮುಂದೆ ಅವರನ್ನ ಬೈಯಲೂ ಬೇಡಿ.

10. ಬೇರೆ ಸಬ್ಜೆಕ್ಟ್‌ಗಳು

ಮ್ಯಾಥ್ಸಿಗೆ ವಾರಕ್ಕೆರಡು ದಿನ ಎರಡೆರಡು ಗಂಟೆಗಿಂತ ನಾಲ್ಕು ದಿನ ಒಂದೊಂದು ಗಂಟೆ ವಾಸಿ, ಕೈ ಬಿಡಬಾರ್ದು. ಫಿಸಿಕ್ಸ್‌ಗೆ ಡೆಮೊ ದಿನ ಡೆರಿವೇಷನ್ ಅಲ್ಲ, ಒಂದು ನ್ಯೂಮರಿಕಲ್ ಮಾಡಿಸಿ ನೋಡಿ, ಚಿತ್ರ ಬಿಡಿಸಿ ಶುರು ಮಾಡೋ ಮೇಷ್ಟ್ರು ಸಿಕ್ರೆ ಬಿಡ್ಬೇಡಿ. ಬಯಾಲಜಿಗೆ ಹೆಚ್ಚಿನ ಮಕ್ಕಳಿಗೆ ಟ್ಯೂಷನ್ನೇ ಬೇಕಾಗಲ್ಲ, ಎನ್‌ಸಿಇಆರ್‌ಟಿ ಬುಕ್ ಓದಿ ಚಿತ್ರ ಬಿಡಿಸಿದ್ರೆ ಆಗತ್ತೆ. ಅಕೌಂಟೆನ್ಸಿ ಸಣ್ಣ ಬ್ಯಾಚಲ್ಲೇ ಚೆನ್ನಾಗಿ ಬರತ್ತೆ. ಎಂಟರಿಂದ ಹತ್ತನೇ ಕ್ಲಾಸ್ ತನಕ ಸೈನ್ಸ್, ಮ್ಯಾಥ್ಸ್ ಎರಡಕ್ಕೂ ಒಬ್ರೇ ಸಾಕು, ಪಿಯುಗೆ ಬಂದ್ಮೇಲೆ "ಪಿಸಿಎಂಬಿ ನಾಲ್ಕೂ ನಾನೇ ಮಾಡ್ತೀನಿ" ಅನ್ನೋರನ್ನ ನಾನಂತೂ ಸೇರಿಸಲ್ಲ. ಚಿಕ್ಕ ಮಕ್ಕಳಿರೋರಿಗೆ, ಸ್ಕೂಲ್ ಟೀಚರ್ ಹತ್ರಾನೇ ಟ್ಯೂಷನ್‌ಗೆ ಹಾಕೋಣ ಅಂತಿದ್ರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಟೀಚರ್‌ಗಳು ಖಾಸಗಿ ಟ್ಯೂಷನ್ ಮಾಡೋ ಹಾಗಿಲ್ಲ, ಅವರನ್ನ ಒತ್ತಾಯ ಮಾಡ್ಬೇಡಿ.

ನಾಲ್ಕು ಸಬ್ಜೆಕ್ಟ್‌ಗೂ ಟ್ಯೂಷನ್ ಹಾಕಿದ್ರೆ ಮಗು ತಾನಾಗೇ ಓದೋದು ಯಾವಾಗ? ಒಂದು, ಹೆಚ್ಚಂದ್ರೆ ಎರಡು. ಉಳಿದಿದ್ದಕ್ಕೆ ಎನ್‌ಸಿಇಆರ್‌ಟಿ ಬುಕ್ಕು, ಅದರ ಎಕ್ಸೆಂಪ್ಲಾರ್ (ಹೆಚ್ಚುವರಿ ಅಭ್ಯಾಸದ) ಲೆಕ್ಕಗಳು ಇಂಟರ್‌ನೆಟ್ಟಲ್ಲಿ ಫ್ರೀ ಸಿಗತ್ತೆ, ಪರೀಕ್ಷಾ ಮಂಡಳಿ ವೆಬ್‌ಸೈಟಲ್ಲಿ ಮಾದರಿ ಪ್ರಶ್ನೆ ಪತ್ರಿಕೆ ಇದೆ, ಹಳೇ ಗೈಡ್ ಬೇಕಂದ್ರೆ ಅವೆನ್ಯೂ ರೋಡಿಗೆ ಒಂದು ಸುತ್ತು ಹಾಕಿ ಬನ್ನಿ, ಆದ್ರೆ ಯಾವ ವರ್ಷದ ಸಿಲಬಸ್ ಅಂತ ನೋಡ್ಕೊಂಡು ತಗೊಳಿ.

11. ಯಾವಾಗ ಶುರು, ಯಾವಾಗ ನಿಲ್ಸೋದು

ಜುಲೈ ಆಗಸ್ಟ್ ಒಳಗೆ ಸಿಕ್ರೆ ಒಳ್ಳೇದು. ಡಿಸೆಂಬರಲ್ಲಿ ಸೇರಿಸಿದ್ರೆ ಹೊಸದಾಗಿ ಎಲ್ಲಾ ಪಾಠ ಮಾಡಿ ಅಂತ ಕೇಳ್ಬೇಡಿ, ಹಾಳೇಲಿ ಬರೆದಿರೋ ಮೂರು ನಾಲ್ಕು ಪಾಠ ಮಾತ್ರ ಹಿಡಿದು ಗಟ್ಟಿ ಮಾಡ್ಸಿ. ಸೆಕೆಂಡ್ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಷೆ ಇದೆ, ಪರೀಕ್ಷೆ 1ರಲ್ಲಿ ಕಡಿಮೆ ಬಂದ ಮಗು ಪರೀಕ್ಷೆ 2 ಬರೀಬಹುದು, ಆ ನಡುವಿನ ದಿನಗಳಿಗೆ ಮಾತ್ರ ಅಂತ ಮಾತಾಡ್ಕೊಂಡು ಟ್ಯೂಷನ್ ತಗೊಳೋದೂ ಉಂಟು, ಅದಕ್ಕೆ ಎಂಎಸ್ಸಿ ಹುಡುಗೀರು ಚೆನ್ನಾಗಿ ಒದಗ್ತಾರೆ.

ನಿಲ್ಸೋದರ ಬಗ್ಗೆ ನಮ್ಮ ಮೇಷ್ಟ್ರೇ ಹೇಳಿದ್ರು. ಸೆಕೆಂಡ್ ಪಿಯು ಜನವರೀಲಿ ಅವಳನ್ನ ಕೂರಿಸಿ ಒಂದು ಪೂರ್ತಿ ಪೇಪರ್ ಬರೆಸಿ, ಅವಳ ಕೈಗೇ ಕೆಂಪು ಪೆನ್ ಕೊಟ್ಟು ನೀನೇ ತಿದ್ದು ಅಂದ್ರು. ಅವಳು ತಿದ್ದಿ 70ಕ್ಕೆ 58 ಹಾಕ್ಕೊಂಡ್ಳು, ಆಮೇಲೆ ಅವರು ತಿದ್ದಿ 59 ಕೊಟ್ರು. ಪೇಪರನ್ನ ನನ್ನ ಕೈಗೆ ಕೊಟ್ಟು "ಇನ್ಮೇಲೆ ವಾರಕ್ಕೊಂದು ದಿನ ಡೌಟ್ ಇದ್ರೆ ಮಾತ್ರ ಬರ್ಲಿ, ಫೀಸ್ ಬೇಡ" ಅಂದ್ರು.